ಹನ್ನೆರಡು ಗಿಳಿಹಸಿರು ಸೀರೆ, ಒಂದು ಹಡಗು

ನಮ್ಮ ಭಜನಾ ಮಂಡಳಿಯಲ್ಲಿ ನಾವು ಹನ್ನೆರಡು ಜನ. ಎಲ್ಲರ ಮನೆಯೂ ವಿಜಯನಗರ, ಆರ್‌ಪಿಸಿ ಲೇಔಟಿನ ಆಚೀಚೆ. ಶನಿವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಒಂದು ಗಂಟೆ ಹಾಡುತ್ತೇವೆ, ಎರಡು ಗಂಟೆ ಮಾತಾಡುತ್ತೇವೆ. ನಾನು ತಾಳ ಹಾಕುವವಳು. ದನಿ ಅಷ್ಟಕ್ಕಷ್ಟೆ ಎಂದು ಮೊದಲ ವಾರವೇ ಗೊತ್ತಾದ್ದರಿಂದ ಕೈಗೆ ತಾಳ ಕೊಟ್ಟು ಹಿಂದಿನ ಸಾಲಿನಲ್ಲಿ ಕೂರಿಸಿದರು. ಎಂಟು ವರ್ಷದಿಂದ ಅಲ್ಲೇ ಇದ್ದೇನೆ.

ಮಂಡಳಿಯ ಅಧ್ಯಕ್ಷೆ ನಿವೃತ್ತ ಟೀಚರು. ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ಮನೆಗೆ ಬಂದವರು. ಪಾಠ ಮಾಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಾವೆಲ್ಲ ಅವರನ್ನು 'ಮೇಡಂ' ಎನ್ನುತ್ತೇವೆ. ನಮ್ಮಲ್ಲಿ ಇಬ್ಬರು ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರು, ಅವರೂ ಮೇಡಂ ಎನ್ನುತ್ತಾರೆ. ಅನ್ನದಿದ್ದರೆ ಏನಾಗುತ್ತದೆ ಎಂದು ಯಾರೂ ಪರೀಕ್ಷೆ ಮಾಡಿ ನೋಡಿಲ್ಲ.

ಮುಂಬೈಯ ಒಂದು ಕನ್ನಡ ಸಂಘದವರು ಬೇರೆ ಬೇರೆ ಊರಿನ ಭಜನಾ ಮಂಡಳಿಗಳನ್ನು ಕರೆದು ಒಂದು ಸಂಜೆ ಹಾಡಿಸುವವರಿದ್ದರು. ನಮಗೂ ಕರೆ ಬಂತು. ಹಾಡುವುದಕ್ಕೆ ಹದಿನೈದು ನಿಮಿಷ. ಆ ಹದಿನೈದು ನಿಮಿಷಕ್ಕಾಗಿ ಎರಡು ದಿನದ ಪ್ರವಾಸ, ಹೋಗಿಬರುವ ರೈಲು ಬೇರೆ. ಏನೇನು ನೋಡಬೇಕೆಂದು ತೀರ್ಮಾನಿಸಲು ಮೇಡಂ ಮನೆಯ ಹಾಲಿನಲ್ಲಿ ಸಭೆ ಸೇರಿತು. ಒಬ್ಬರು ಮಹಾಲಕ್ಷ್ಮಿ ಗುಡಿ ಎಂದರು. ಇನ್ನೊಬ್ಬರು ಸಿನಿಮಾದವರ ಬಂಗಲೆ. ಮತ್ತೊಬ್ಬರು ದಾದರಿನ ಸೀರೆ ಅಂಗಡಿ. ನನ್ನ ಸರದಿ ಬಂದಾಗ ನಾನು, "ಹಡಗು" ಎಂದೆ.

ಮೇಡಂ ಕಾಫಿ ಲೋಟ ಕೆಳಗಿಟ್ಟರು.

"ಹಡಗಲ್ಲಿ ಏನ್ರೀ ಇದೆ ನೋಡೋಕೆ?" ಎಂದರು ಮೇಡಂ. "ಕಬ್ಬಿಣ."

"ಹತ್ರದಿಂದ ಒಂದ್ಸಲ ನೋಡ್ಬೇಕು ಮೇಡಂ. ದೋಣೀಲಿ ಕರ್ಕೊಂಡ್ ಹೋಗ್ತಾರಂತೆ, ಬಂದರು ಒಂದು ಸುತ್ತು."

"ದೋಣಿ!" ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡರು. "ಹನ್ನೊಂದು ಮನೆಯೋರಿಗೆ ನಾನು ಉತ್ತರ ಹೇಳ್ಬೇಕು ಕಣ್ರೀ. ಕೈ ಎತ್ತಿ, ದೋಣಿ ಯಾರ‍್ಯಾರಿಗೆ ಬೇಕು?"

ಎದ್ದದ್ದು ಒಂದೇ ಕೈ. ತಾಳ ಹಾಕಿ ಹಾಕಿ ಗಟ್ಟಿಯಾದ ಕೈ.

ಹಡಗಿನ ಹುಚ್ಚು ನನಗೆ ಎಲ್ಲಿಂದ ಬಂತೆಂದರೆ ಒಂದು ಸ್ಟೂಲಿನಿಂದ. ನಮ್ಮಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಬೋಲ್ಟ್ ನಟ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದಲ್ಲಿದ್ದರು. ಮರದ ಪೆಟ್ಟಿಗೆಗೆ ಬೋಲ್ಟ್ ತುಂಬಿ, ಮೊಳೆ ಹೊಡೆದು, ತಗಡಿನ ಅಚ್ಚು ಇಟ್ಟು ಕಪ್ಪು ಬಣ್ಣದಲ್ಲಿ ವಿಳಾಸ ಬಳಿಯುವುದು ಅವರ ಕೆಲಸ. ಪೆಟ್ಟಿಗೆ ಮುಂಬೈಗೆ ಹೋಗಿ ಹಡಗು ಹತ್ತುತ್ತಿತ್ತು. ಒಡೆದುಹೋದ ಒಂದು ಪೆಟ್ಟಿಗೆಯ ಹಲಗೆ ತಂದು ಅಪ್ಪ ಅಮ್ಮನಿಗೆ ಸ್ಟೂಲು ಮಾಡಿಕೊಟ್ಟರು. ಅದರ ಮೇಲೆ ಇಂಗ್ಲಿಷಿನಲ್ಲಿ 'ವಯಾ ಬಾಂಬೆ' ಎಂದು ಬರೆದಿತ್ತು. ನಾನು ಓದಿದ ಮೊದಲ ಇಂಗ್ಲಿಷ್ ಅದೇ. ಬಾಪೂಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ ಆ ಸ್ಟೂಲಿನ ಮೇಲೆ ಕೂತು ಅಪ್ಪ ಕಾಫಿ ಹೀರುತ್ತಾ, "ನಾನು ಒಂದಿನ ರಜಾ ಹಾಕಿದ್ರೆ ಸಮುದ್ರದಲ್ಲಿ ಒಂದು ಹಡಗು ಬಿಚ್ಕೊಳ್ಳುತ್ತೆ ಕಣೇ" ಎನ್ನುತ್ತಿದ್ದರು. ಹಾಗೆಂದವರು ಸಮುದ್ರವನ್ನು ನೋಡದೆಯೇ ಹೋದರು. ಸ್ಟೂಲು ಈಗ ನನ್ನ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬ ಹೊತ್ತು ನಿಂತಿದೆ. ಇದನ್ನೆಲ್ಲ ಸಭೆಯಲ್ಲಿ ಹೇಳಬಹುದಿತ್ತು. ಹೇಳಿದ್ದರೆ "ಪಾಪ" ಎನ್ನುತ್ತಿದ್ದರು. ದೋಣಿ ಹತ್ತಲು ಬಿಡುತ್ತಿರಲಿಲ್ಲ. ಬರೀ ಪಾಪ ತೆಗೆದುಕೊಂಡು ನಾನೇನು ಮಾಡಲಿ?

ಹಡಗಿನ ವಿಷಯ ಮುಗಿದ ಮೇಲೆ ಸೀರೆಯ ವಿಷಯ. ಅದಕ್ಕೆ ಮೂರು ಸಭೆ ಬೇಕಾಯಿತು. ಹನ್ನೆರಡೂ ಜನ ಒಂದೇ ಬಣ್ಣದ ಸೀರೆ ಉಡಬೇಕೆಂಬುದು ಮಂಡಳಿಯ ನಿಯಮ. ಮೇಡಂ ಚಿಕ್ಕಪೇಟೆಯಲ್ಲಿ ನಾಲ್ಕು ದಿನ ಸುತ್ತಿ ಗಿಳಿಹಸಿರು ಮೈ, ಕೆಂಪು ಅಂಚಿನ ಸೀರೆ ಆರಿಸಿದರು. "ದೂರಕ್ಕೆ ಕಾಣ್ಬೇಕು. ಅಷ್ಟು ದೊಡ್ಡ ಊರಲ್ಲಿ ಯಾರೂ ಕಳ್ದೋಗ್ಬಾರ್ದು. ಈ ಬಣ್ಣ ಇನ್ಯಾರ ಹತ್ರಾನೂ ಇಲ್ಲ, ಅಂಗಡಿಯೋನು ಆಣೆ ಮಾಡಿ ಹೇಳಿದಾನೆ." ಮೊದಲ ಸಲ ಉಟ್ಟು ಹನ್ನೆರಡು ಜನ ಒಟ್ಟಿಗೆ ಕನ್ನಡಿಯ ಮುಂದೆ ನಿಂತಾಗ ಅವರೆಕಾಯಿ ಹೊಲವೊಂದು ಎದ್ದು ಬಂದಂತೆ ಕಂಡಿತು. ಇಷ್ಟಾದರೂ ಸಾಲದೆಂದು ಒಬ್ಬೊಬ್ಬರಿಗೆ ಒಂದೊಂದು ನಂಬರು. ಮೇಡಂ ಸೀಟಿ ಊದಿದ ಕೂಡಲೇ ನಂಬರು ಕೂಗಬೇಕು. ನನ್ನದು ಒಂಬತ್ತು.

ಇನ್ನು ನೀರಿನ ಕ್ಯಾನು. ನಮ್ಮ ಬೀದಿಯ ನಲ್ಲಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ಬಂದಾಗಲೆಲ್ಲ ಬಣ್ಣ ಸರಿಯಿಲ್ಲ, ವಾಸನೆ ಸರಿಯಿಲ್ಲ, ಮೋಟಾರು ಹಾಕಿ ಪಕ್ಕದ ಮನೆಯವರು ಎಳೆದುಕೊಳ್ಳುತ್ತಾರೆ ಎಂದು ವಾಟ್ಸಾಪಿನಲ್ಲಿ ಯುದ್ಧ. ಊರು ಬಿಡುವ ದಿನ ಅದೇ ನೀರು ಅಮೃತವಾಯಿತು. "ಬೇರೆ ನೀರು ಕುಡಿದ್ರೆ ದನಿ ಕಟ್ಟುತ್ತೆ" ಎಂದು ಎರಡು ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಗಾಲಿ ಹಲಗೆಗೆ ಕಟ್ಟಿ ಮೆಜೆಸ್ಟಿಕ್ಕಿನ ಪ್ಲಾಟ್‌ಫಾರಮ್ಮಿಗೆ ಎಳೆದೊಯ್ದೆವು. ದನಿಯೇ ಇಲ್ಲದ ನಾನು ಎಳೆಯುವವರಲ್ಲಿ ಒಬ್ಬಳು.

ಮುಂಬೈಯಲ್ಲಿ ಮೊದಲ ದಿನ ನಾವು ಏನು ನೋಡಿದೆವೆಂದು ಕೇಳಿದರೆ ವಿಜಯನಗರ ನೋಡಿದೆವು ಎನ್ನಬೇಕು. ದಾದರಿನ ಹೂವಿನ ಮಾರುಕಟ್ಟೆಯಲ್ಲಿ ನಿಂತು, "ನಮ್ಮ ಮಾರ್ಕೆಟ್ಟಲ್ಲಿ ಸೇವಂತಿಗೆ ಇದಕ್ಕಿಂತ ದಪ್ಪ ಇರುತ್ತೆ." ಲೋಕಲ್ ರೈಲು ಕಂಡು, "ನಮ್ಮ ಮೆಟ್ರೋ ಎಷ್ಟು ಕ್ಲೀನು!" ಊಟಕ್ಕೆ ಮಾಟುಂಗದಲ್ಲಿ ಇಡ್ಲಿ ಸಿಗುವ ಜಾಗ ಹುಡುಕಿಕೊಂಡು ಒಂದು ಗಂಟೆ ಅಲೆದು, ಸಿಕ್ಕಿದ ಇಡ್ಲಿಯನ್ನು ಬೆರಳಲ್ಲಿ ಒತ್ತಿ ನೋಡಿ, "ನಮ್ಮ ಕಡೆ ಥರ ಇಲ್ಲ." ಸಿನಿಮಾ ನಟನೊಬ್ಬನ ಬಂಗಲೆಯ ಎದುರು ಮುಕ್ಕಾಲು ಗಂಟೆ ನಿಂತೆವು. ಕಂಡದ್ದು ಕಾಂಪೌಂಡ್ ಗೋಡೆ, ಒಬ್ಬ ವಾಚ್‌ಮ್ಯಾನು, ಆಕಳಿಸುತ್ತಿದ್ದ ಒಂದು ನಾಯಿ. ನಾಯಿಯ ಜೊತೆ ಎಲ್ಲರೂ ಫೋಟೋ ತೆಗೆಸಿಕೊಂಡರು. ಆ ನಾಯಿ ಬೀದಿಯದೋ ಬಂಗಲೆಯದೋ ಎಂಬುದರ ಮೇಲೆ ಇವತ್ತಿಗೂ ನಮ್ಮಲ್ಲಿ ಎರಡು ಪಕ್ಷ ಇದೆ.

ಸಮುದ್ರದ ಪಕ್ಕದ ರಸ್ತೆಯಲ್ಲಿ ನಮ್ಮ ಬಾಡಿಗೆ ವ್ಯಾನು ಹೋಗುವಾಗ ನಾನು ಕಿಟಕಿಗೆ ಹಣೆ ಒತ್ತಿ ಕೂತಿದ್ದೆ. ದೂರದಲ್ಲಿ ನೀರಿನ ಅಂಚಿಗೆ ಕಡ್ಲೆಕಾಯಿ ಸಿಪ್ಪೆಯಂಥದ್ದೊಂದು ಕಂಡಿತು. "ಅದೇ ನೋಡಿ ನಿಮ್ಮ ಹಡಗು. ಆಯ್ತಲ್ಲ?" ಎಂದರು ಮೇಡಂ. ಆಗಲಿಲ್ಲ ಎಂದು ನಾನು ಹೇಳಲಿಲ್ಲ. ಆದರೆ ಆಗಿರಲಿಲ್ಲ.

ಎರಡನೆಯ ದಿನ ಬೆಳಗ್ಗೆ ಗೇಟ್‌ವೇ. ಮೇಡಂ ಪಟ್ಟಿಯಲ್ಲಿ ಅದಕ್ಕೆ ಇಪ್ಪತ್ತು ನಿಮಿಷ. ನಾಲ್ಕು ಗಂಟೆಗೆ ಸಂಘದಲ್ಲಿ ಹಾಡು, ಆಮೇಲೆ ಸೀದಾ ರೈಲು. ಅಂದರೆ ನನ್ನ ಹಡಗಿಗೆ ಉಳಿದದ್ದೂ ಆ ಇಪ್ಪತ್ತು ನಿಮಿಷವೇ. ಕಲ್ಲಿನ ಕಟ್ಟೆಯಾಚೆ ನೀರು. ನೀರಿನ ಮೇಲೆ ಬಣ್ಣಬಣ್ಣದ ದೋಣಿಗಳು. ಅವುಗಳ ಹಿಂದೆ, ದೂರದಲ್ಲಿ, ಬೂದು ಬಣ್ಣದ ದೊಡ್ಡ ದೊಡ್ಡ ನೆರಳುಗಳು. ಒಂದು ನೆರಳು ಹೊಗೆ ಬಿಡುತ್ತಿತ್ತು. ದೋಣಿಯವರು, "ಹಾರ್ಬರ್ ರೌಂಡ್, ಹಾರ್ಬರ್ ರೌಂಡ್" ಎಂದು ಕೂಗುತ್ತಿದ್ದರು. ಹಿಂದೆ ಮೇಡಂ, "ಎತ್ತರದೋರು ಹಿಂದೆ, ಕುಳ್ಳಗಿರೋರು ಮುಂದೆ" ಎಂದು ಫೋಟೋಕ್ಕೆ ಜೋಡಿಸುತ್ತಿದ್ದರು.

ನಾನು ನೀರು ನೋಡುತ್ತಾ ಎಷ್ಟು ಹೊತ್ತು ನಿಂತೆನೋ. ತಿರುಗಿದಾಗ ಗಿಳಿಹಸಿರು ಬೆನ್ನುಗಳು ಸಾಲಾಗಿ ಹೊರಟಿದ್ದವು. ತಾಳದ ಚೀಲ ಹೆಗಲಿಗೇರಿಸಿ ಹಿಂದೆಯೇ ಓಡಿ ಸಾಲಿನ ಕೊನೆಗೆ ಸೇರಿಕೊಂಡೆ. ಸಾಲು ವ್ಯಾನಿನ ಕಡೆಗೆ ಹೋಗದೆ ಮೆಟ್ಟಿಲಿಳಿಯಿತು. ಮೇಡಂ ಮನಸ್ಸು ಬದಲಾಯಿಸಿಬಿಟ್ಟರಲ್ಲ, ಸುಮ್ಮನೆ ಅವರನ್ನು ಬೈದುಕೊಂಡೆ ಎಂದು ಹತ್ತು ಮೆಟ್ಟಿಲಿನಷ್ಟು ಕಾಲ ಪಶ್ಚಾತ್ತಾಪ ಪಟ್ಟೆ. ಹನ್ನೊಂದನೆಯ ಮೆಟ್ಟಿಲಲ್ಲಿ ನನ್ನ ಮುಂದಿದ್ದವರು ದೋಣಿಯವನ ಕೈ ಹಿಡಿಯಲು ತೋಳು ಚಾಚಿದರು. ಮುಂಗೈ ತುಂಬ ಹಸಿರು ಗಾಜಿನ ಬಳೆ. ನಮ್ಮ ಮಂಡಳಿಯಲ್ಲಿ ಅಷ್ಟು ಬಳೆ ಹಾಕುವವರಿಲ್ಲ. ಮಣಿಕಟ್ಟಿಗೆ ಬಿಪಿ ಯಂತ್ರದ ಪಟ್ಟಿ ಕಟ್ಟಲು ತೊಂದರೆ ಎಂದು ಎಲ್ಲರೂ ಒಂದೊಂದಕ್ಕೆ ಇಳಿದಿದ್ದಾರೆ.

ಅದೇ ಗಿಳಿಹಸಿರು, ಅದೇ ಕೆಂಪು ಅಂಚು. ಇವರು ಬೇರೆ ಯಾರೋ.

ಮನೆಗೆ ಬಂದ ಮೇಲೆ ನನ್ನ ಯಜಮಾನರಿಗೂ, ಮಂಡಳಿಗೂ, ನಾದಿನಿಗೂ ನಾನು ಹೇಳಿದ್ದು, ದೋಣಿ ಹೊರಟ ಮೇಲೆ ಗೊತ್ತಾಯಿತು ಎಂದು. ಅದು ಸುಳ್ಳು. ದೋಣಿಗೂ ಮೆಟ್ಟಿಲಿಗೂ ನಡುವೆ ಒಂದು ಮೊಳ ನೀರು ಏಳುತ್ತಾ ಬೀಳುತ್ತಾ ಇತ್ತು. ದೋಣಿಯವನು ನನಗೆ ಕೈ ಚಾಚಿದ. ಹಿಂದಿನಿಂದ, ಮೇಲೆ ಎಲ್ಲೋ, ಮೇಡಂ ಸೀಟಿ ಕೇಳಿಸಿತು. ನಾನು ಕೈ ಹಿಡಿದು ದಾಟಿದೆ.

ದೋಣಿ ದಡ ಬಿಟ್ಟಿತು. ಟಿಕೆಟ್ಟಿನವನು ಬಂದು ಹಸಿರು ತಲೆಗಳನ್ನು ಎಣಿಸಿ, "ಸೋಲಾ" ಎಂದ. ಆ ಗುಂಪಿನ ಮುಖ್ಯಸ್ಥೆ, ಹಣೆಯ ತುಂಬ ಕುಂಕುಮದ ದಪ್ಪನೆಯ ಹೆಂಗಸು, "ಪಂದ್ರಾ" ಎಂದರು. ಅವನು ಮತ್ತೆ ಎಣಿಸಿದ. ಸೋಲಾ. ಅವರಿಗೆ ಸಿಟ್ಟು ಬಂತು.

"ವಿಜಾಪುರದಾಗ ಗಾಡಿ ಹತ್ತುವಾಗ ಹದಿನೈದ್ ಮಂದಿ ಇದ್ವಿ. ಹದಿನಾರು ಹ್ಯಾಂಗ ಆಕ್ಕೀವಿ? ಯಾರರ ಹಡದೀರೇನು ಹಾದ್ಯಾಗ?"

ದೋಣಿಯೆಲ್ಲ ನಕ್ಕಿತು. ನಾನು ಶಾಲೆಯ ಮಗುವಿನಂತೆ ಕೈ ಎತ್ತಿದೆ. "ನಾನು ನಿಮ್ಮೋರಲ್ಲ. ಸೀರೆ ನೋಡ್ಕೊಂಡು ಬಂದ್ಬಿಟ್ಟೆ."

ಹದಿನೈದು ಜನವೂ ತಿರುಗಿ ನನ್ನ ಸೀರೆ ನೋಡಿದರು, ತಮ್ಮ ಸೀರೆ ನೋಡಿಕೊಂಡರು. ಒಬ್ಬ ಅಜ್ಜಿ ನನ್ನ ಸೆರಗಿನ ಅಂಚನ್ನು ಬೆರಳಲ್ಲಿ ಉಜ್ಜಿ, "ಹೌದವ್ವಾ, ಒಂದೇ ಥಾನಿನ ಬಟ್ಟಿ" ಎಂದು ತೀರ್ಪು ಕೊಟ್ಟರು. ನಾನು ನನ್ನ ಟಿಕೆಟ್ ತೆಗೆದುಕೊಂಡೆ. ಮುಖ್ಯಸ್ಥೆ ಜಾಗ ಮಾಡಿ, "ಕುಂದರ್‌ರಿ ಅಕ್ಕಾರ, ಇಳಿಯೂತನಾ ನೀವೂ ನಮ್ಮಾವ್ರ" ಎಂದು ಪಕ್ಕಕ್ಕೆ ಎಳೆದುಕೊಂಡರು. ಅವರೂ ಭಜನಾ ಮಂಡಳಿಯವರು, ಅದೇ ಸಂಘದ ಕರೆಯ ಮೇಲೆ ಬಂದವರು. ಖಡಕ್ ರೊಟ್ಟಿಯ ಗಂಟು ಬಿಚ್ಚಿತು. ಶೇಂಗಾ ಚಟ್ನಿ ಹಚ್ಚಿದ ಒಂದು ಚೂರು ನನ್ನ ಕೈಗೂ ಬಂತು.

"ಬೆಂಗಳೂರಾಗ ಎಲ್ಲಿ ಮನಿ?"

"ವಿಜಯನಗರದ ಹತ್ರ."

"ನಮ್ಮ ಅಳಿಯಾ ಅಲ್ಲೇ ಶ್ರೀಗಂಧದ ಕಾವಲ್‌ದಾಗ ಅದಾನ್ರಿ. ಗಾಡಿ ಮ್ಯಾಲೆ ಊಟಾ ಹಂಚತಾನ. ನಿಮ್ಮ ಮನೀಗೂ ಬಂದಿರಬೇಕ, ನೋಡೀರೇನು?"

ಬಂದಿರಬಹುದು. ಊಟ ತರುವವರು ಲಿಫ್ಟ್ ಹತ್ತಬಾರದು ಎಂದು ನಮ್ಮ ಕಟ್ಟಡದಲ್ಲಿ ನೋಟೀಸು ಅಂಟಿಸಿದಾಗ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಅವರ ರೊಟ್ಟಿ ಬಾಯಲ್ಲಿತ್ತು, ಅಗಿಯುತ್ತಾ ಕೂತೆ.

ಅಷ್ಟರಲ್ಲಿ ಚೀಲದೊಳಗೆ ಫೋನು. ಮೇಡಂ.

"ಒಂಬತ್ತು! ಎಲ್ಲಿದೀರಾ?"

"ಮೇಡಂ, ದೋಣೀಲಿ."

"ಯಾವ ದೋಣಿ?"

"ನಮ್ಮ ಸೀರೆ ಉಟ್ಕೊಂಡಿರೋರ ದೋಣಿ."

"ಇಳೀರಿ ಈಗ್ಲೇ!"

"ಸುತ್ತ ನೀರಿದೆ ಮೇಡಂ."

ಇಂಜಿನ್ನಿನ ಸದ್ದಿನಲ್ಲಿ ಉಳಿದದ್ದು ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಆಸೆಯೂ ಇರಲಿಲ್ಲ. ಏಕೆಂದರೆ ಎದುರಿಗೆ ಹಡಗು ಬಂದಿತ್ತು.

ಬಂತೆನ್ನುವುದು ತಪ್ಪು. ಅದು ಲಂಗರು ಹಾಕಿ ನಿಂತೇ ಇತ್ತು, ನಾವು ಹತ್ತಿರ ಹೋದೆವು. ಮೊದಲು ಅದೊಂದು ಗೋಡೆ ಅನ್ನಿಸಿತು. ನಮ್ಮ ರಸ್ತೆಯ ಕೊನೆಯ ಆರು ಅಂತಸ್ತಿನ ಕಟ್ಟಡವನ್ನು ಮಲಗಿಸಿ, ಪಕ್ಕದಲ್ಲಿ ಇನ್ನೂ ನಾಲ್ಕು ಮಲಗಿಸಿದರೆ ಎಷ್ಟೋ ಅಷ್ಟು ಉದ್ದ. ಕೆಳಗೆ ಕೆಂಪು, ಮೇಲೆ ಕಪ್ಪು, ನಡುವೆ ಎಲ್ಲೆಲ್ಲೂ ತುಕ್ಕು ಸುರಿದ ಗೀರು, ನಮ್ಮ ಬಚ್ಚಲಮನೆ ಗೋಡೆಯ ಹಾಗೆ. ಮೂತಿಯ ಹತ್ತಿರ ಇಳಿಬಿದ್ದ ಸರಪಳಿಯ ಒಂದೊಂದು ಕೊಂಡಿಯೂ ಅಮ್ಮನ ಒರಳುಕಲ್ಲಿನಷ್ಟಿತ್ತು. ನಾನು ಬೋಲ್ಟ್ ಹುಡುಕಿದೆ. ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿದೆ. ಒಂದು ಬೋಲ್ಟೂ ಇಲ್ಲ. ತಗಡಿಗೆ ತಗಡು ಸೇರಿಸಿ ಬೆಸೆದುಬಿಟ್ಟಿದ್ದರು. ಅಪ್ಪ ಒಂದು ದಿನವಲ್ಲ, ಹತ್ತು ವರ್ಷ ರಜ ಹಾಕಿದ್ದರೂ ಅದು ಬಿಚ್ಚಿಕೊಳ್ಳುತ್ತಿರಲಿಲ್ಲ. ನಗು ಬಂತು. ಜೊತೆಗೆ ಮೂಗೂ ಸೋರಿತು. ಉಪ್ಪುಗಾಳಿ ಎಂದುಕೊಂಡೆ.

ಎಷ್ಟೋ ಎತ್ತರದಲ್ಲಿ, ಕಂಬಿಯ ಹಿಂದೆ, ಒಂದು ಹಗ್ಗ ಕಟ್ಟಿತ್ತು. ಹಗ್ಗದ ಮೇಲೆ ಎರಡು ಬನಿಯನ್ನು, ಚೌಕಳಿ ಟವೆಲು, ಒಂದು ಹೂವಿನ ಬೆಡ್‌ಶೀಟು. ಬೆಡ್‌ಶೀಟನ್ನು ನಡುವೆ ಮಡಿಸಿ ಎರಡು ಕ್ಲಿಪ್ಪು ಹಾಕಿದ್ದರು. ನಾಲ್ಕು ಹಾಕಬೇಕಿತ್ತು, ಆ ಗಾಳಿಗೆ ಎರಡು ಸಾಲದು. ಪಕ್ಕದಲ್ಲಿ ಒಬ್ಬ ಗಂಡಸು ಮಗ್ಗು ಹಿಡಿದು ನಿಂತಿದ್ದ. ಯಾವ ದೇಶದವನೋ. ಕೆಳಗೆ ಹದಿನಾರು ಗಿಳಿಹಸಿರು ಸೀರೆ ಕಂಡು ಮಗ್ಗು ಕೆಳಗಿಟ್ಟು ಎರಡೂ ಕೈ ಎತ್ತಿ ಬೀಸಿದ. ಹದಿನಾರು ಜನವೂ ಬೀಸಿದೆವು. ನಾನು ಚೀಲದಿಂದ ತಾಳ ತೆಗೆದು ಬಾರಿಸಿದೆ. ಏಕೆಂದು ಕೇಳಬೇಡಿ, ಎಂಟು ವರ್ಷದ ಅಭ್ಯಾಸ. ವಿಜಾಪುರದವರು ಆ ತಾಳವನ್ನೇ ಹಿಡಿದು ಒಂದು ವಚನ ಹಾಡಿಯೇಬಿಟ್ಟರು.

ದಡದಲ್ಲಿ ನಮ್ಮವರು ಹನ್ನೊಂದು ಜನ ಬಿಸಿಲಿಗೆ ಸೆರಗು ಹೊದ್ದು ಸಾಲಾಗಿ ನಿಂತಿದ್ದರು. ನೀರಿನ ಕ್ಯಾನು ಖಾಲಿಯಾಗಿತ್ತು. ಮೇಡಂ ನನ್ನನ್ನು ಬೈಯಲೆಂದು ಬಾಯಿ ತೆರೆದರು. ಅಷ್ಟರಲ್ಲಿ ನನ್ನ ಹಿಂದೆ ಒಂದು ಹಸಿರು ಸೀರೆ ಇಳಿಯಿತು, ಆಮೇಲೆ ಇನ್ನೊಂದು, ಮತ್ತೊಂದು. ಹದಿನೈದೂ ಇಳಿಯುವವರೆಗೆ ಮೇಡಂ ಬಾಯಿ ಹಾಗೆಯೇ ತೆರೆದಿತ್ತು.

"ಚಿಕ್ಕಪೇಟೆಯೋನ ಆಣೆ ಮೇಡಂ" ಎಂದರು ನಮ್ಮಲ್ಲೊಬ್ಬರು, ಮೆಲ್ಲಗೆ.

ವ್ಯಾನಿನಲ್ಲಿ ಮೇಡಂ ಒಂದೇ ಒಂದು ಮಾತು ಹೇಳಿದರು: "ನಿಮ್ಗೇನಾದ್ರೂ ಆಗಿದ್ರೆ ನಿಮ್ಮ ಮನೆಯೋರಿಗೆ ನಾನು ಏನಂತ ಹೇಳ್ಬೇಕಿತ್ತು?" ನಿಜವಾಗಿ ಹೆದರಿದ್ದರು. ಅದು ನನಗೆ ಚುಚ್ಚಿತು, ಆದರೂ ಹಡಗನ್ನು ಹಿಂದಕ್ಕೆ ಕೊಡುವಷ್ಟಲ್ಲ.

ಸಂಜೆ ಸಂಘದ ಸಭಾಂಗಣದಲ್ಲಿ ನಾವು ಹಾಡಿ ಇಳಿದೆವು, ವಿಜಾಪುರದವರು ಹತ್ತಿದರು. ನಿರೂಪಕರು ಗೊಂದಲಕ್ಕೆ ಬಿದ್ದು, "ಅದೇ ಮಂಡಳಿಯಿಂದ ಇನ್ನೊಂದು ಹಾಡು" ಎಂದರು. ಅವರ ಹಾಡಿಗೆ ಚಪ್ಪಾಳೆ ನಮಗಿಂತ ಜೋರಾಗಿತ್ತು. ಇಡೀ ಪ್ರವಾಸದಲ್ಲಿ ಮೊದಲ ಸಲ ನಮ್ಮವರು ಯಾರೂ, "ನಮ್ಮ ಕಡೆ ಥರ ಇಲ್ಲ" ಎನ್ನಲಿಲ್ಲ.

ರೈಲಿನಲ್ಲಿ ಬೆಳಗಾದಾಗ ಮೇಡಂ ನನ್ನ ಎದುರಿನ ಸೀಟಿಗೆ ಬಂದು ಕೂತರು. ಕಿಟಕಿಯಾಚೆ ರಾಯಚೂರಿನ ಕಡೆಯ ಬಂಡೆಗಳು ಓಡುತ್ತಿದ್ದವು. ಅವನ್ನೇ ನೋಡುತ್ತಾ, ನನ್ನ ಮುಖ ನೋಡದೆ ಕೇಳಿದರು.

"ಏನಿತ್ತು ರೀ ಅಲ್ಲಿ?"

"ಕಬ್ಬಿಣ, ಮೇಡಂ."

ಅವರು ತಲೆಯಾಡಿಸಿದರು. ನಾನು ಅಂಥ ಒಳ್ಳೆಯ ಹೆಂಗಸೇನಲ್ಲ. ಇಡೀ ಒಂದು ಸ್ಟೇಷನ್ನಿನಷ್ಟು ದೂರ ಅವರನ್ನು ಹಾಗೇ ಕೂರಿಸಿದೆ. ಆಗ ಅವರೇ ಹೇಳಿದರು: "ಮೂವತ್ತು ವರ್ಷ ಬೋರ್ಡ್ ಮೇಲೆ ಬಂದರುಗಳನ್ನ ಗುರುತು ಮಾಡಿದೀನಿ. ಮಕ್ಕಳಿಗೆ ಸ್ವಾಭಾವಿಕ ಬಂದರು, ಕೃತಕ ಬಂದರು ಅಂತ ಬಾಯಿಪಾಠ ಮಾಡ್ಸಿದೀನಿ. ಲಂಗರಿನ ಸರಪಳಿ ಎಷ್ಟು ದಪ್ಪ ಇರುತ್ತೆ?"

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಅವರು ನನ್ನ ಕೈಗಳ ನಡುವಿನ ಜಾಗವನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ ನಾನು ಎಲ್ಲವನ್ನೂ ಹೇಳಿದೆ: ತುಕ್ಕು, ಬೆಸುಗೆ, ಎರಡೇ ಕ್ಲಿಪ್ಪಿನ ಬೆಡ್‌ಶೀಟು, ಸ್ಟೂಲಿನ ಕತೆ ಕೂಡ. ಮಗ್ಗಿನ ಗಂಡಸು ಕೈ ಬೀಸಿದ್ದಕ್ಕೆ ಬಂದಾಗ ಮೇಡಂ ನನ್ನನ್ನು ತಡೆದರು.

"ಅಷ್ಟು ಎತ್ತರದಿಂದ ನಿಮ್ಮನ್ನ ನೋಡಿದ್ನಾ?"

"ನೋಡಿದ್ನಲ್ಲ ಮೇಡಂ. ಎರಡೂ ಕೈ ಎತ್ತಿ ಬೀಸಿದ."

ಮೇಡಂ ಬೆನ್ನು ನೆಟ್ಟಗಾಯಿತು. ಸೆರಗಿನ ಕೆಂಪು ಅಂಚನ್ನು ತೊಡೆಯ ಮೇಲೆ ನೇವರಿಸಿ ಸರಿಮಾಡಿಕೊಂಡರು.

"ನೋಡಿದ್ರಾ? ದೂರಕ್ಕೆ ಕಾಣ್ಲಿ ಅಂತಾನೇ ನಾನು ಆ ಬಣ್ಣ ಆರಿಸಿದ್ದು."